ಮಸ್ಕಿಯವಳು ಬಿಚ್ಚಿದ ಗಂಟು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಬೇಕೆಂದರೆ ಮಸ್ಕಿಯನ್ನು ದಾಟಿಯೇ ಹೋಗಬೇಕು. ಇದು ನನ್ನೊಬ್ಬಳ ಮೇಲೆ ಯಾರೋ ಬೇಕಂತಲೇ ಮಾಡಿದ ಸಂಚು ಎಂದು ನನಗೆ ಎಷ್ಟೋ ವರ್ಷ ಅನಿಸುತ್ತಿತ್ತು. ನನಗೆ ಕೆಲಸ ಕಲಿಸಿದ ಸರ್ ಲಿಂಗಸುಗೂರಿನಲ್ಲಿ, ನನ್ನ ಡಿಟಿಪಿ ಅಂಗಡಿ ಸಿಂಧನೂರಿನಲ್ಲಿ, ನಡುವೆ ಮಸ್ಕಿಯಲ್ಲಿ ಅವಳು. ಅವಳ ಅಂಗಡಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿಯೇ ಇದೆ. ಬಸ್ಸು ಅಲ್ಲಿ ನಿಂತಷ್ಟು ಹೊತ್ತೂ ನಾನು ಮೊಬೈಲಿನಲ್ಲಿ ಮುಖ ಹುದುಗಿಸಿ ಕೂರುತ್ತಿದ್ದೆ. ಆದರೂ ಅವಳ ಅಂಗಡಿಯ ಮುಂದೆ ಎಷ್ಟು ಮಂದಿ ನಿಂತಿದ್ದಾರೆ ಎಂದು ಕಣ್ಣಂಚಿನಲ್ಲಿ ನೋಡದೆ ಬಿಡುತ್ತಿರಲಿಲ್ಲ. ಮಂದಿ ಹೆಚ್ಚಿದ್ದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ.

ಇದಕ್ಕೆ ಸ್ಪರ್ಧೆ, ಛಲ ಎಂದೆಲ್ಲ ಚೆಂದದ ಹೆಸರಿಡಬಹುದು. ನಾನು ಇಡುವುದಿಲ್ಲ. ಅದು ಹೊಟ್ಟೆಕಿಚ್ಚು, ಶುದ್ಧ ಹೊಟ್ಟೆಕಿಚ್ಚು.

ನಾವಿಬ್ಬರೂ ಸರ್ ಅವರ ಮುದ್ರಣಾಲಯದಲ್ಲಿ ಒಟ್ಟಿಗೆ ಕೆಲಸ ಕಲಿತವರು. ನಾನು ಜವಳಗೇರಾದವಳು, ಕಾಲುವೆ ನೀರಿನ ಊರಿನವಳು. ಲಿಂಗಸುಗೂರಿನ ಸೋದರತ್ತೆಯ ಮನೆಯಲ್ಲಿದ್ದು ಕಲಿಯುತ್ತಿದ್ದೆ. ಅವಳು ಗುರುಗುಂಟಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಎರಡು ಓಣಿ ಆಚೆ ಇದ್ದ ನಾನು ತಡವಾಗಿ ಹೋಗುತ್ತಿದ್ದೆ. ಅಷ್ಟು ದೂರದಿಂದ ಬರುವ ಅವಳು ನನಗಿಂತ ಮೊದಲೇ ಬಂದು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಚಿ ಇಟ್ಟಿರುತ್ತಿದ್ದಳು. ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಸರ್‌ಗೆ ಒಂದು ರೊಟ್ಟಿ, ನನಗೆ ಅರ್ಧ. ಬೇಕಂತಲೇ ಅರ್ಧ ಕೊಟ್ಟಳು ಎಂದು ಮನಸ್ಸಿನಲ್ಲೇ ಬೈದುಕೊಂಡು ತಿನ್ನುತ್ತಿದ್ದೆ. ರುಚಿಯಾಗಿಯೇ ಇರುತ್ತಿತ್ತು, ಅದು ಇನ್ನೊಂದು ಸಿಟ್ಟು. ಸರ್ ನಮ್ಮಿಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ‘ಗುರುಗುಂಟಾ’, ನಾನು ‘ಜವಳಗೇರಾ’.

ಸರ್ ಹೈದರಾಬಾದಿನ ಯಾವುದೋ ಪ್ರೆಸ್ಸಿನಿಂದ ಒಂದು ಹಳೆಯ ಮ್ಯಾಕ್ ಕಂಪ್ಯೂಟರ್ ತಂದಿದ್ದರು. ಊರಿನಲ್ಲೆಲ್ಲ ವಿಂಡೋಸ್ ಇದ್ದಾಗ ನಮ್ಮಲ್ಲಿ ಮಾತ್ರ ಈ ಬೇರೆ ಜಾತಿಯದು. ಅದರ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಅದು ಗುರುತೇ ಹಿಡಿಯುತ್ತಿರಲಿಲ್ಲ. ಆ ಯಂತ್ರದ ಮೇಲೆ ಸರ್ ತಾವೇ ಒಂದು ಕನ್ನಡ ಫಾಂಟ್ ಮಾಡಿದರು. ಮಾಡಿದ್ದು ಭಜನೆಯವರಿಗಾಗಿ. ನಮ್ಮ ಕಡೆ ಭಜನೆಗೆ ಕೂತರೆ ತತ್ವಪದದ ಪುಸ್ತಕ ಒಂದೇ ಇರುತ್ತದೆ. ಅದನ್ನು ನಡುವೆ ಇಟ್ಟು ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಎದುರಿಗೆ ಕೂತವನಿಗೆ ಪುಸ್ತಕ ತಲೆಕೆಳಗು, ಪಕ್ಕದವನಿಗೆ ಅಡ್ಡ. ಎಲ್ಲರೂ ಅದನ್ನೇ ನೋಡಿ ಹಾಡಬೇಕು. ಪೇಟೆಯಲ್ಲಿ ಸಿಗುವ ಫಾಂಟುಗಳಲ್ಲಿ ಒತ್ತಕ್ಷರ ಸಾಸಿವೆ ಕಾಳಿನಷ್ಟಿರುತ್ತದೆ, ತಲೆಕೆಳಗಾಗಿ ನೋಡಿದರೆ ಕಾಣಿಸುವುದೇ ಇಲ್ಲ. ಸರ್ ಒತ್ತಕ್ಷರವನ್ನು ದಪ್ಪ ಮಾಡಿ, ಮೇಲಿನ ಅಕ್ಷರದಿಂದ ಸ್ವಲ್ಪ ಬಿಡಿಸಿ, ತಲೆಕಟ್ಟನ್ನು ಅಗಲವಾಗಿ ಎಳೆದರು. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಅಕ್ಷರ. ಅವಕ್ಕೆ ಮಸಿ ತುಂಬಿದವರು ನಾವಿಬ್ಬರು. ತುಂಬಿದ್ದನ್ನು ಮೇಜಿನ ಮೇಲಿಟ್ಟು, ನಮ್ಮನ್ನು ಆಚೆ ಬದಿಗೆ ನಿಲ್ಲಿಸಿ, "ಓದ್ರಿ" ಅನ್ನುತ್ತಿದ್ದರು. ನಾನು ಕತ್ತು ಓರೆ ಮಾಡಿ ತಡವರಿಸುವುದರೊಳಗೆ ಅವಳು ಸರಸರ ಓದಿ ಮುಗಿಸಿ, "ಇಲ್ಲಿ ‘ತ’ ಒತ್ತು ‘ನ’ ಒತ್ತಿನಂಗ ಕಾಣಾಕತ್ತೈತ್ರಿ ಸರ" ಎಂದು ತಪ್ಪನ್ನೂ ಹಿಡಿಯುತ್ತಿದ್ದಳು.

"ಅಕಿ ಕಣ್ಣು ನೋಡು ಜವಳಗೇರಾ. ಅದು ಕಣ್ಣಂದ್ರ" ಎಂದು ಸರ್ ಒಂದು ದಿನ ನನಗೇ ಹೇಳಿದರು. ನಾನೂ ಎರಡು ಕಣ್ಣು ಬಿಟ್ಟುಕೊಂಡು ಅಲ್ಲಿಯೇ ನಿಂತಿದ್ದೆ.

ಆಮೇಲೆ ಯಂತ್ರ ಕೆಟ್ಟಿತು. ಸರ್ ಅವರ ಕೈಗೆ ನಡುಕ ಶುರುವಾಯಿತು. ಮುದ್ರಣಾಲಯ ಮುಚ್ಚುವ ಮೊದಲು ಸರ್ ತಮ್ಮ ಕೆಲಸವನ್ನೆಲ್ಲ ಒತ್ತಿ ಕಟ್ಟಿ, ಆರ್ಕೈವ್ ಮಾಡಿ, ಸಿ.ಡಿ.ಗಳಿಗೆ ಹಾಕಿದ್ದರು. ‘ಗಂಟು ಕಟ್ಟೀನಿ’ ಎಂದು ಅದನ್ನು ಹೇಳುತ್ತಿದ್ದರು. ಆ ಸಿ.ಡಿ.ಗಳ ಡಬ್ಬಿಯನ್ನು ಅವರು ಕೊಟ್ಟದ್ದು ಗುರುಗುಂಟಾಗೆ. ನನಗೆ ಕೊಟ್ಟದ್ದು ಪ್ರೆಸ್ಸಿನ ಗೋಡೆ ಗಡಿಯಾರ. ಅವಳು ಮದುವೆಯಾಗಿ ಮಸ್ಕಿಗೆ ಹೋದಳು, ನಾನು ಸಿಂಧನೂರಿಗೆ ಬಂದೆ. ಅವಳು ಡಬ್ಬಿ ತೆಗೆದುಕೊಂಡು ಹೋದಳು ಎನ್ನುವುದನ್ನು ಮಾತ್ರ ನನಗೆ ಮರೆಯಲಾಗಲಿಲ್ಲ.

ಈಚೆಗೆ ದಢೇಸುಗೂರಿನ ಭಜನಾ ಮಂಡಳಿಯ ಹಿರಿಯರೊಬ್ಬರು ಒಂದು ಹಳೆಯ ಪುಸ್ತಕ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಸರ್ ಅಚ್ಚು ಮಾಡಿದ್ದ ಅದೇ ತತ್ವಪದದ ಪುಸ್ತಕ. ಪುಟಗಳು ಎಣ್ಣೆ, ವಿಭೂತಿ, ಬೆರಳಿನ ಗುರುತುಗಳಿಂದ ಕಂದಾಗಿದ್ದವು. ಶ್ರಾವಣಕ್ಕೆ ಹೊಸದಾಗಿ ಅಚ್ಚು ಹಾಕಿಸಬೇಕಂತೆ.

"ಟೈಪ್ ಮಾಡಿ ಕೊಡ್ತೀನ್ರಿ, ಅದೇನು ದೊಡ್ಡ ಮಾತಲ್ಲ" ಎಂದೆ.

"ಟೈಪ್ ಯಾರು ಬೇಕಾದ್ರೂ ಮಾಡ್ತಾರವ್ವಾ. ಇದ ಅಕ್ಷರ ಬೇಕು ನಮಗ. ಬ್ಯಾರೆ ಅಕ್ಷರದಾಗ ಒಂದ್ಸಲ ಮಾಡಿಸಿ ನೋಡೀವಿ. ಎದುರಿಗೆ ಕುಂತವ್ರಿಗೆ ಏನೂ ಕಾಣ್ಲಿಲ್ಲ, ಬರೇ ತಾಳ ಬಡಕೋಂತ ಕುಂತ್ರು."

ನಾನು ಎದೆ ಸೆಟೆಸಿ, "ನಾ ಅವ್ರ ಶಿಷ್ಯೆ ಅದೀನ್ರೀ. ಆ ಅಕ್ಷರ ನನ್ನ ಹತ್ರ ಇಲ್ದ ಇನ್ಯಾರ ಹತ್ರ ಇರ್ತೈತಿ?" ಎಂದುಬಿಟ್ಟೆ.

ನನ್ನ ಹತ್ತಿರ ಇರಲಿಲ್ಲ. ಹಳೆಯ ಪುಟವನ್ನು ಸ್ಕ್ಯಾನ್ ಮಾಡಿ ನೋಡಿದೆ, ಅಕ್ಷರದ ಅಂಚೆಲ್ಲ ಹರಡಿಕೊಂಡು ಹತ್ತಿಯ ಹಾಗೆ ಕಂಡಿತು. ಮತ್ತೆ ಬರೆದು ಕೊಡಲು ಸರ್ ಅವರ ಕೈ ಈಗ ಚಹದ ಕಪ್ಪನ್ನೂ ಹಿಡಿಯುವುದಿಲ್ಲ. ಆ ಅಕ್ಷರಗಳು ಲೋಕದಲ್ಲಿ ಉಳಿದಿದ್ದರೆ ಮಸ್ಕಿಯ ಆ ಡಬ್ಬಿಯಲ್ಲಿ ಮಾತ್ರ. ಸರ್ ಕಣ್ಣ ಮುಂದೆಯೇ ಅವರ ಅಕ್ಷರ ಮತ್ತೆ ಅಚ್ಚಾಗಬೇಕು, ಅದು ನನ್ನ ಕೈಯಿಂದ ಆಗಬೇಕು. ಸತ್ಯ ಹೇಳುತ್ತೇನೆ, ಇದರಲ್ಲಿ ಎರಡನೆಯದೇ ನನಗೆ ಮುಖ್ಯವಾಗಿತ್ತು.

ಸರ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರಿಗೆ ಖುಷಿಯಾಯಿತು. ಖುಷಿಯಲ್ಲಿಯೇ, "ಮಸ್ಕಿಗೆ ಹೋಗು, ಅಕಿ ಎಲ್ಲಾ ಬರೋಬರಿ ಇಟ್ಟಿರ್ತಾಳ" ಎಂದರು. ಬರೋಬರಿ ಇಟ್ಟಿರುತ್ತಾಳೆ ಎಂದು ಅವರಿಗೆ ಅಷ್ಟು ಖಾತ್ರಿ.

ಅಂತೂ ಆ ನಿಲ್ದಾಣದಲ್ಲಿ ನಾನು ಇಳಿದೆ. ಮಸ್ಕಿಯವರಿಗೆ ಅಕ್ಷರದ ಗರ್ವ ಇರುವುದು ಸಹಜ, ಅವರ ಊರಿನ ಗುಡ್ಡದಲ್ಲಿ ಅಶೋಕನ ಶಾಸನ ಹೊತ್ತ ಬಂಡೆಯೂ ಓದು ಬಲ್ಲದ್ದು ಎಂದು ಮನಸ್ಸಿನಲ್ಲೇ ಕುಟುಕುತ್ತ ರಸ್ತೆ ದಾಟಿದೆ. ಅವಳು ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್ ಮಾಡಿಕೊಂಡಿದ್ದಾಳೆ. ನನ್ನನ್ನು ಕಂಡು, "ಬಾ ಬೇ, ಬಾ! ಎಷ್ಟು ದಿನಕ್ಕ ಬಂದಿ!" ಎಂದು ಎದ್ದು ಬಂದಳು. ಮುಖ ಗಂಟಿಕ್ಕಿಕೊಂಡು ಮಾತಾಡಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕುರ್ಚಿ ಒರೆಸಿ ಕೊಟ್ಟಳು, ಚಹ ತರಿಸಿದಳು.

ಡಬ್ಬಿ ನಿಜಕ್ಕೂ ಬರೋಬರಿ ಇತ್ತು. ಅದಷ್ಟೇ ಅಲ್ಲ, ಸಿ.ಡಿ.ಗಳ ಮೇಲ್ಪದರ ಉದುರಲು ಶುರುವಾಗಿದೆ ಎಂದು ಅವಳು ಮೊದಲೇ ಎಲ್ಲ ಗಂಟುಗಳನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲಿಲ್ಲ. ಲಿನಕ್ಸ್ ಹಾಕಿಕೊಂಡಿದ್ದಳು, ತಾನೇ ಕಲಿತದ್ದಂತೆ. ಅವಳು ಒಂದು ಕಪ್ಪು ಪರದೆ ತೆರೆದಳು. ಅದರ ಮೇಲೆ ಮಿಣುಕುವ ಒಂದು ಗೆರೆ ಬಿಟ್ಟರೆ ಬೇರೇನೂ ಇಲ್ಲ.

"ಇದೇನಿದು, ಕರೆಂಟ್ ಹೋದಂಗ?" ಎಂದೆ.

ಅವಳು ನಕ್ಕಳು. "ಹಳೇ ಮ್ಯಾಕಿನ ಗಂಟು ಬಿಚ್ಚೋದು ಐತಲ್ಲ, ಇದರಾಗ ಮಾಡ್ತೀನಿ. ಒತ್ತಾಕ ಗುಂಡಿ ಇಲ್ಲ, ಚಿತ್ರ ಇಲ್ಲ. ಏನು ಬೇಕು ಅನ್ನೋದು ಬರದು ಹೇಳಬೇಕು. ಬರೋಬರಿ ಬರದ್ರ ಮಾಡ್ತೈತಿ, ತಪ್ಪು ಬರದ್ರ ಸುಮ್ನ ಕುಂದರತೈತಿ."

ಒಂದು ಸಾಲು ಬರೆದು ಎಂಟರ್ ಒತ್ತಿದಳು. ಗಂಟನ್ನು ಬಿಚ್ಚುವ ಮೊದಲು ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಅದು ತೋರಿಸಿತು. ಸಾಲು ಸಾಲಾಗಿ ಹೆಸರುಗಳು ಇಳಿದವು, ಪ್ರತಿಯೊಂದರ ಮುಂದೆಯೂ ಸರ್ ಅದನ್ನು ಕೊನೆಯ ಸಲ ಮುಟ್ಟಿದ ದಿನ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳು. ‘ಒತ್ತು’, ‘ಒತ್ತು ದಪ್ಪ’, ‘ಒತ್ತು ಇನ್ನೂ ದಪ್ಪ’, ‘ಒತ್ತು ಸಾಕು’. ಇಬ್ಬರೂ ಒಟ್ಟಿಗೆ ನಕ್ಕೆವು. ಅದರ ಕೆಳಗಿನ ಸಾಲಿನಲ್ಲಿ ‘ಗುರುಗುಂಟಾ ತಿದ್ದಿದ್ದು’ ಎಂದಿತ್ತು. ಅದರ ಕೆಳಗೆ ‘ಗುರುಗುಂಟಾ ತಿದ್ದಿದ್ದು ಎರಡು’. ನಾನು ನಗುವುದನ್ನು ನಿಲ್ಲಿಸಿ ಪಟ್ಟಿಯ ತುದಿಯವರೆಗೂ ಕಣ್ಣಾಡಿಸಿದೆ. ಜವಳಗೇರಾ ಎಲ್ಲಿಯೂ ಇರಲಿಲ್ಲ. ಹಿಂದಕ್ಕೆ ಸರಿಸು ಎಂದು ಕೇಳಿ ಮೊದಲಿನಿಂದ ಇನ್ನೊಮ್ಮೆ ನೋಡಿದೆ. ಇರಲಿಲ್ಲ.

ಅವಳು ಇನ್ನೊಂದು ಸಾಲು ಬರೆದಳು, ಗಂಟು ಬಿಚ್ಚಿಕೊಂಡಿತು. ಒಂದೊಂದು ಹೆಸರಿನ ಮುಂದೆಯೂ ‘ಸರಿ’ ಎನ್ನುವ ಗುರುತು ಬೀಳುತ್ತ ಹೋಯಿತು. ನಾನು ಇಪ್ಪತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತವಳು. ಸಿಂಧನೂರಿನ ಅರ್ಧ ಲಗ್ನಪತ್ರಿಕೆಗಳು ನನ್ನ ಕೈಯಲ್ಲಿಯೇ ಆಗುತ್ತವೆ. ಅಂಥ ನನಗೆ ಅವಳು ಬರೆದ ಆ ಒಂದು ಸಾಲಿನ ಒಂದು ಪದವೂ ಗೊತ್ತಿರಲಿಲ್ಲ. ಕೇಳಿದ್ದರೆ ಹೇಳಿಕೊಡುತ್ತಿದ್ದಳು. ಕೇಳಲಿಲ್ಲ. ಪೆನ್‌ಡ್ರೈವ್ ಕೊಟ್ಟೆ, ಹಾಕಿಕೊಟ್ಟಳು. ಅಷ್ಟರಲ್ಲಿ ಅಂಗಡಿಗೆ ಮಂದಿ ಬಂದರು, ಅವಳು ಆ ಕಡೆ ತಿರುಗಿದಳು, ನಾನು ಬಸ್ಸಿಗೆ ಓಡಿದೆ.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಒಂದು ರೂಢಿ ಇದೆ. ಹೊರಗಿನ ಪೆನ್‌ಡ್ರೈವ್ ಬಂದರೆ ಮೊದಲು ಅದನ್ನು ಸಾಫ್ ಮಾಡಬೇಕು. ಮ್ಯಾಕ್ ಇಟ್ಟುಕೊಂಡ ಫೋಟೋದವರು, ಡಿಸೈನಿನವರು ಕೊಟ್ಟ ಪೆನ್‌ಡ್ರೈವ್‌ನಲ್ಲಿ ಪ್ರತಿ ಫೈಲಿನ ಜೊತೆ ಅದೇ ಹೆಸರಿನ ಒಂದು ಸಣ್ಣ ಫೈಲ್ ಬಂದಿರುತ್ತದೆ. ಹೆಸರಿನ ಆರಂಭದಲ್ಲಿ ಒಂದು ಚುಕ್ಕಿ, ಒಂದು ಅಡ್ಡಗೆರೆ. ತೆರೆದರೆ ಏನೂ ಕಾಣುವುದಿಲ್ಲ. ನಾವೆಲ್ಲ ಅದನ್ನು ‘ವೈರಸ್ ಮರಿ’ ಎಂದು ಕರೆಯುತ್ತೇವೆ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಎಲ್ಲರೂ ಹಾಗೆಯೇ ನಂಬಿದ್ದೇವೆ. ಕಂಡ ಕೂಡಲೇ ಆರಿಸಿ ಅಳಿಸಿಬಿಡುತ್ತೇವೆ, ಅಕ್ಕಿಯಲ್ಲಿನ ಹರಳು ಆರಿಸಿದ ಹಾಗೆ. ಅವಳು ಕೊಟ್ಟ ಪೆನ್‌ಡ್ರೈವ್‌ನಲ್ಲಿಯೂ ಚುಕ್ಕಿ-ಗೆರೆಯ ಫೈಲುಗಳು ಸಾಲಾಗಿ ಕೂತಿದ್ದವು. ‘ದೊಡ್ಡ ಪಂಡಿತಳು, ಕಪ್ಪು ಪರದೆ ಬೇರೆ! ಪೆನ್‌ಡ್ರೈವ್ ತುಂಬ ಮರಿ ಬಿಟ್ಟು ಕಳಿಸಿದ್ದಾಳೆ’ ಎಂದು ಗೊಣಗುತ್ತ ಎಲ್ಲವನ್ನೂ ಅಳಿಸಿದೆ. ಕಸದ ಬುಟ್ಟಿಗೂ ಹೋಗದ ಹಾಗೆ ಅಳಿಸಿದೆ.

ಉಳಿದ ಫಾಂಟ್ ಫೈಲುಗಳನ್ನು ನೋಡಿದರೆ ಎಲ್ಲದರ ಮುಂದೆಯೂ ಸೊನ್ನೆ. ಹೆಸರಿದೆ, ಒಳಗೆ ಏನೂ ಇಲ್ಲ. ‘ಒತ್ತು ಸಾಕು’ ಸೊನ್ನೆ, ‘ಗುರುಗುಂಟಾ ತಿದ್ದಿದ್ದು’ ಸೊನ್ನೆ.

ಮೊದಲು ಸರ್ ಅವರ ಅಕ್ಷರ ಹೋಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಇನ್ನೊಂದು ಬಂತು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಖುಷಿ. ಅವಳು ಕೆಡಿಸಿದಳು ಎನ್ನುವ ಖುಷಿ. ಬರೋಬರಿ ಇಟ್ಟಿರುತ್ತಾಳೆ ಎಂದಿದ್ದರಲ್ಲ, ನೋಡಲಿ ಈಗ. ಅವಳಿಗೆ ಒಂದು ಫೋನ್ ಮಾಡಿ ಕೇಳಿದ್ದರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಅಂಗಡಿಯ ಬಾಗಿಲು ಹಾಕಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಅವತ್ತು ಮುಖ ಹುದುಗಿಸಲಿಲ್ಲ, ಅವಳ ಅಂಗಡಿಯನ್ನು ನೆಟ್ಟಗೆ ನೋಡಿದೆ.

"ಅಕ್ಷರ ಎಲ್ಲಾ ಹೋಗ್ಯಾವ್ರಿ ಸರ. ಅಕಿ ಏನೋ ಕರೇ ಪರದೆ ಮ್ಯಾಲೆ ಬಿಚ್ಚಾಕ ಹೋಗಿ ಕೆಡಿಸ್ಯಾಳ" ಎಂದು ಸರ್ ಅವರ ಪಡಸಾಲೆಯಲ್ಲಿ ಕೂತು ಹೇಳಿದೆ.

ಸರ್ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದರು. ಆಮೇಲೆ, "ಅಕಿ ಹಂಗ ಮಾಡಾಕಿ ಅಲ್ಲಲ್ಲ" ಎಂದರು. ಆ ಒಂದು ಮಾತಿಗೆ ನನಗೆ ಮೈಯೆಲ್ಲ ಉರಿಯಿತು. "ನಾ ಸುಳ್ಳು ಹೇಳಾಕತ್ತೀನೇನ್ರಿ? ನೋಡ್ರಿ ಬೇಕಾದ್ರ" ಎಂದು ಪೆನ್‌ಡ್ರೈವನ್ನು ಅವರ ಮುಂದೆ ಇಟ್ಟೆ. ಅವರ ಮನೆಯಲ್ಲಿ ಈಗ ಕಂಪ್ಯೂಟರೇ ಇಲ್ಲ. ಅವಳನ್ನೇ ಕರೆಸುತ್ತೇನೆ ಎಂದರು.

ಅವಳು ಅಂಗಡಿ ಬಿಟ್ಟು ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಸರ್ ಹಳೆಯ ಪುಸ್ತಕದ ಪ್ರತಿ ತರುತ್ತೇನೆಂದು ಒಳಕೋಣೆಗೆ ಹೋಗಿದ್ದರು. ಅವಳು ನನ್ನ ಪೆನ್‌ಡ್ರೈವ್ ಹಾಕಿ ನೋಡಿದಳು.

"ಇದರಾಗ ಚುಕ್ಕಿ-ಗೆರೆ ಹಚ್ಚಿದ ಸಣ್ಣ ಫೈಲ್ ಇದ್ದವಲ್ಲ, ಎಲ್ಲಿ ಹೋದವು?"

"ಅವಾ? ವೈರಸ್ ಮರಿ. ಅಳಿಸೀನಿ."

ಅವಳು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. "ಅಕ್ಷರ ಇದ್ದದ್ದ ಅದರಾಗ ಬೇ" ಎಂದಳು, ಮೆಲ್ಲಗೆ. ಹಳೆಯ ಮ್ಯಾಕಿನಲ್ಲಿ ಒಂದು ಫೈಲಿಗೆ ಎರಡು ಪಾಲು ಇರುತ್ತಿತ್ತಂತೆ. ಒಂದು ಎಲ್ಲರಿಗೂ ಕಾಣುವ ಪಾಲು, ಇನ್ನೊಂದು ಅದರ ಬೆನ್ನಿಗಿರುವ ಪಾಲು. ಫಾಂಟಿನ ಜೀವವೆಲ್ಲ ಬೆನ್ನಿನ ಪಾಲಿನಲ್ಲಿ. ಬೇರೆ ಕಂಪ್ಯೂಟರಿಗೆ ಎರಡು ಪಾಲಿನ ಲೆಕ್ಕ ಗೊತ್ತಿಲ್ಲ. ಹಾಗಾಗಿ ಗಂಟು ಬಿಚ್ಚುವಾಗ ಆ ಪಾಲು ಕಳೆದುಹೋಗದಿರಲೆಂದು ಅವಳ ಕಪ್ಪು ಪರದೆಯ ಸಾಧನ ಅದನ್ನು ಬೇರೆ ಫೈಲಾಗಿ, ಚುಕ್ಕಿ-ಗೆರೆ ಹಚ್ಚಿ ಇಡುತ್ತದೆ. ಸರ್ ಅವರ ಅಷ್ಟೂ ಅಕ್ಷರಗಳನ್ನು ನಾನು ಹರಳಿನ ಹಾಗೆ ಆರಿಸಿ ಎಸೆದಿದ್ದೆ.

ನಾನು ಏನಾದರೂ ಹೇಳುವುದರೊಳಗೆ ಸರ್ ಪುಸ್ತಕ ಹಿಡಿದು ಹೊರಗೆ ಬಂದರು.

"ಏನಾಗೈತಿ ಗುರುಗುಂಟಾ?"

ಅವಳು ನನ್ನ ಕಡೆ ಒಮ್ಮೆ ನೋಡಿದಳು. ನನ್ನ ಮುಖದ ಮೇಲೆ ಏನು ಕಂಡಿತೋ. "ತಪ್ಪು ನಂದರೀ ಸರ. ಅರ್ಧ ಫೈಲ್ ಹೋಗಿಲ್ಲ ಪೆನ್‌ಡ್ರೈವ್‌ಗೆ. ಗಂಟು ನನ್ನ ಹತ್ರ ಹಂಗ ಐತಿ, ಇಲ್ಲೇ ಮತ್ತೊಮ್ಮೆ ಬಿಚ್ತೀನಿ" ಎಂದಳು.

ಬಿಚ್ಚಿದಳು. ಇನ್ನೊಂದು ಸಾಲು ಬರೆದು ಆ ಹಳೆಯ ಫಾಂಟನ್ನು ಇವತ್ತಿನ ಕಂಪ್ಯೂಟರಿಗೆ ತಿಳಿಯುವ ಹಾಗೆ ಬದಲಿಸಿದಳು. ಆಮೇಲೆ ಪರದೆಯ ಮೇಲೆ ಅಕ್ಷರಗಳು ಬಂದವು. ಅದೇ ಅಗಲ ತಲೆಕಟ್ಟು, ಅದೇ ದಪ್ಪ ಒತ್ತು. ಸರ್ ಎದ್ದು ಹೋಗಿ ಪರದೆಯ ಹಿಂದೆ ನಿಂತು, ಬಾಗಿ, ತಲೆಕೆಳಗಾಗಿ ನೋಡಿದರು. ಎದ್ದು ನಿಂತಾಗ ಅವರ ಕಣ್ಣು ಒದ್ದೆಯಾಗಿತ್ತು. ಆ ಒದ್ದೆ ಕಣ್ಣಿನಲ್ಲಿಯೇ ಅವಳನ್ನು ಬೈದರು.

"ಇಷ್ಟು ವಯಸ್ಸಾದ್ರೂ ಅವಸರ ಬಿಡ್ಲಿಲ್ಲ ನೀ. ನನ್ನ ಜೀವಮಾನದ ಕೆಲಸ ಅದು, ಅರ್ಧ ಕೊಟ್ಟು ಕಳಿಸ್ತೀಯಾ? ಜವಳಗೇರಾ ನೋಡ್ಲಿಲ್ಲಂದ್ರ ಏನಾಕ್ಕಿತ್ತು? ಈಕಿ ಹಿಡಿದ್ಳು, ಚಲೋ ಆತು. ಕಣ್ಣಂದ್ರ ಈಕಿ ಕಣ್ಣು."

ಅವಳು ತಲೆ ಬಗ್ಗಿಸಿ, "ಹೌದ್ರಿ ಸರ" ಎಂದಳು. ನಾನು ಸುಮ್ಮನೆ ಕೂತೆ.

ಸುಮ್ಮನೆ ಕೂತೆ ಎಂದರೆ ಕಡಿಮೆ ಹೇಳಿದಂತೆ. ನಾನು ಆ ಮಾತನ್ನು ಉಂಡೆ. ಇಪ್ಪತ್ತು ವರ್ಷ ಹಸಿದವಳ ಹಾಗೆ ಉಂಡೆ. ಮುಂದಿನ ದಿನಗಳಲ್ಲಿ ಪುಸ್ತಕದ ಕರಡು ತೋರಿಸಲು ಹೋದಾಗಲೆಲ್ಲ ಸರ್ ಮನೆಗೆ ಬಂದವರಿಗೆ, "ನನ್ನ ಅಕ್ಷರ ಉಳಿಸಿದಾಕಿ ಈಕಿ" ಎಂದು ನನ್ನನ್ನು ತೋರಿಸುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ನಗುತ್ತಿದ್ದೆ. ದಢೇಸುಗೂರಿನ ಹಿರಿಯರು ಕರಡನ್ನು ನೆಲದ ಮೇಲಿಟ್ಟು ಆಚೆ ಕೂತು ಓದಿ, "ಕಂಡಿತವ್ವಾ ಕಂಡಿತು" ಎಂದು ತಾವೇ ಕುಣಿದಾಡಿದರು. ಅದರ ಪುಣ್ಯವನ್ನೂ ನಾನೇ ಕಟ್ಟಿಕೊಂಡೆ. ಹೇಳಬೇಕು ಎಂದು ಅನಿಸಲಿಲ್ಲವೇ ಎಂದರೆ ಅನಿಸಿತ್ತು. ನಾಳೆ ಹೇಳಿದರಾಯಿತು ಎಂದೂ ಅನಿಸುತ್ತಿತ್ತು.

ಪುಸ್ತಕ ಅಚ್ಚಿಗೆ ಹೋಗುವ ವಾರ ಸರ್ ನನ್ನನ್ನು ಕರೆದು, "ಆ ಸಿ.ಡಿ. ಡಬ್ಬಿ ಇನ್ನ ಅಕಿ ಹತ್ರ ಬ್ಯಾಡ. ಅಕಿಗೆ ಅದರ ಕಿಮ್ಮತ್ತು ಗೊತ್ತಾಗ್ಲಿಲ್ಲ. ನೀ ತಂದಿಟ್ಕೋ. ಫೋನ್ ಮಾಡಿ ಹೇಳೀನಿ ಅಕಿಗೆ" ಎಂದರು.

ನಾನು ಬೇಡವೆನ್ನಲಿಲ್ಲ. ಮಸ್ಕಿಯಲ್ಲಿ ಇಳಿದೆ. ಅವಳು ಡಬ್ಬಿಯನ್ನು ಒರೆಸಿ, ದಾರ ಸುತ್ತಿ, ಮೇಜಿನ ಮೇಲೆ ಸಿದ್ಧವಾಗಿ ಇಟ್ಟಿದ್ದಳು. ಮುಖ ಸ್ವಲ್ಪ ಬಾಡಿತ್ತು. ಜಗಳವಾಡಲಿ ಎಂದು ನಾನು ಕಾದೆ. ಬೈದರೆ ತಿರುಗಿ ಬೈಯಲು ನಾಲ್ಕು ಮಾತು ಬಸ್ಸಿನಲ್ಲೇ ಕೂಡಿಸಿಕೊಂಡು ಬಂದಿದ್ದೆ.

"ಯಾಕ ಹಂಗ ಹೇಳಿದಿ ಅವತ್ತು?" ಎಂದು ಕೊನೆಗೆ ನಾನೇ ಕೇಳಿದೆ.

"ಮತ್ತೇನು ಹೇಳ್ಲಿ? ಆ ಸಣ್ಣ ಫೈಲ್ ತೆಗೀಬ್ಯಾಡ ಅಂತ ನಾ ನಿನಗ ಹೇಳಬೇಕಿತ್ತು. ಅಂಗಡ್ಯಾಗ ಮಂದಿ ಬಂದ್ರು, ಹೇಳೋದು ಬಿಟ್ಟೆ. ನಿನಗ ಹೆಂಗ ಗೊತ್ತಾಗಬೇಕು? ನಂದೂ ತಪ್ಪು ಐತಿ." ಡಬ್ಬಿಯನ್ನು ನನ್ನ ಕಡೆ ಸರಿಸಿ, "ಬಿಸಲಾಗ ಇಡಬ್ಯಾಡ" ಎಂದಳು. ಅರ್ಜಿ ಹಿಡಿದು ನಿಂತವರ ಕಡೆ ತಿರುಗಿ ತನ್ನ ಕೆಲಸಕ್ಕೆ ಕೂತಳು.

ಅವಳು ದೊಡ್ಡತನ ತೋರಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದು ದೊಡ್ಡತನ ಎಂದು ಅವಳಿಗೆ ಅನಿಸಿಯೂ ಇರಲಿಲ್ಲ. ಹೊರಗೆ ಬಂದಾಗ ಸಿಂಧನೂರಿನ ಬಸ್ಸು ನಿಂತಿತ್ತು. ಹತ್ತಿ, ಸೀಟು ಹಿಡಿದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ನಾನು ಇಷ್ಟು ವರ್ಷ ಬಯಸಿದ್ದು ನನ್ನ ತೊಡೆಯ ಮೇಲೆಯೇ ಇತ್ತು. ಅದರ ಮೇಲೆ ಅವಳು ಸುತ್ತಿದ ದಾರ ನೋಡಿದೆ, ಬಿಚ್ಚಲು ಸುಲಭವಾಗಲಿ ಎಂದು ಜಾರುಗುಣಿಕೆ ಹಾಕಿದ್ದಳು. ಕಂಡಕ್ಟರು ಟಿಕೆಟ್ ಕೇಳುವುದರೊಳಗೆ ನಾನು ಇಳಿದುಬಿಟ್ಟೆ. ರಸ್ತೆ ದಾಟಿ ಲಿಂಗಸುಗೂರಿನ ಬಸ್ಸು ಹತ್ತಿದೆ.

ಸರ್ ಪಡಸಾಲೆಯಲ್ಲಿ ಕೂತು ಕರಡನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ಕೂರಲಿಲ್ಲ. ಕೂತರೆ ಹೇಳುವುದು ಆಗುವುದಿಲ್ಲ ಎಂದು ಗೊತ್ತಿತ್ತು.

"ಸರ, ಅಕಿ ಏನೂ ಕೆಡಿಸಿಲ್ರಿ. ಅಕಿ ಪೂರಾ ಕೊಟ್ಟಿದ್ಳು. ಕಸ ಅಂತ ಅಳಿಸಿದಾಕಿ ನಾನು."

ಅವರು ಕರಡನ್ನು ಕೆಳಗಿಟ್ಟರು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ. ಒಳಗೊಳಗೆ, ಇ‍ಷ್ಟಾದರೂ ಬಂದು ಹೇಳಿದಳಲ್ಲ ಎಂದು ಮೆಚ್ಚಿಯಾರು ಎಂಬ ಆಸೆಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

"ಅಕಿಗೆ ಇದು ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ರಿ. ಅವತ್ತ ಗೊತ್ತಿತ್ತು, ಇಲ್ಲೇ ಕುಂತಾಗ."

"ಗೊತ್ತಿದ್ದೂ ತನ್ನದ ತಪ್ಪು ಅಂದ್ಳೇನು?" ಸರ್ ಎದುರಿನ ಗೋಡೆ ನೋಡುತ್ತ ಕೂತರು. ಅವರ ಮುಖದ ಮೇಲೆ ಮೆಲ್ಲಗೆ ಒಂದು ನಗು ಬಂತು, ಅದರ ಹಿಂದೆಯೇ ಸಂಕಟ. "ನಾ ಬೈದೀನಲ್ಲ ಅಕಿಗೆ. ತಲಿ ಬಗ್ಗಿಸಿ ಹೌದ್ರಿ ಅಂದ್ಳು. ಡಬ್ಬಿನೂ ಕಸಕೊಂಡೆ. ಎಂಥಾಕಿ ಬೇ ಗುರುಗುಂಟಾ ನೀ!" ಎಂದು ಅಲ್ಲಿ ಇಲ್ಲದವಳನ್ನು ಕುರಿತು ಹೇಳಿದರು. ಎದುರಿಗೆ ಡಬ್ಬಿ ಹಿಡಿದು ನಿಂತಿದ್ದವಳು ನಾನು. ನನ್ನನ್ನು ಬೈಯಲಿಲ್ಲ, ಮೆಚ್ಚಲಿಲ್ಲ, ಕೂತುಕೋ ಎಂದೂ ಅನ್ನಲಿಲ್ಲ. ಜೀವನದಲ್ಲಿ ಒಮ್ಮೆ ನಾನು ನುಂಗಿದ್ದನ್ನು ಕಕ್ಕಿದ್ದೆ, ಅದೂ ಅವಳ ಪಾಲಿಗೇ ಹೋಯಿತು.

"ಫೋನ್ ಹಚ್ಚು ಅಕಿಗೆ" ಎಂದರು ಸರ್. ಅವಸರದಲ್ಲಿ ಅವರ ಕೈ ಇನ್ನೂ ಹೆಚ್ಚು ನಡುಗುತ್ತಿತ್ತು, ಫೋನು ಹಿಡಿದರೆ ಬೀಳುವ ಹಾಗಿತ್ತು. ಡಬ್ಬಿಯನ್ನು ಕೆಳಗಿಟ್ಟು ನಂಬರನ್ನು ನಾನೇ ಒತ್ತಿದೆ. ಆ ಕಡೆ ಅವಳ "ಹಲೋ ಸರ" ಕೇಳಿಸಿದ ಮೇಲೆ ಫೋನನ್ನು ಅವರ ಕಿವಿಗೆ ಹಿಡಿದು ಪಕ್ಕದಲ್ಲಿ ನಿಂತೆ. ಅವರು ಅವಳ ಹತ್ತಿರ ಬಹಳ ಹೊತ್ತು ಮಾತಾಡಿದರು. ನನಗೆ ಹೊಟ್ಟೆ ಉರಿಯುತ್ತಲೇ ಇತ್ತು. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿ ಹಿಡಿದೆ.